ಮೊದಲು ಓಡಿ ಹೋದವರನ್ನು ಕೇಳುವವರು ಯಾರು?



ಊರಿನಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡರೆ ನಾವೆಲ್ಲ ಆ ಮನೆಯವರ ಕಡೆ ನೋಡುತ್ತೇವೆ. ಹೆಂಡತಿ ಮಕ್ಕಳ ಗತಿ ಏನು, ಸಾಲ ಎಷ್ಟಿತ್ತು, ಪರಿಹಾರ ಬರುತ್ತದೋ ಇಲ್ಲವೋ ಎಂದು ವಿಚಾರಿಸುತ್ತೇವೆ. ಅದು ಸರಿಯೇ. ಆದರೆ ಕೂಗು ಕೇಳಿ ಮೊದಲು ಓಡಿ ಹೋದವರು, ಕೈಯಾರೆ ಎತ್ತಿದವರು, ಆಸ್ಪತ್ರೆಗೆ ಸಾಗಿಸಿದವರು ಇದ್ದಾರಲ್ಲ, ಅವರನ್ನು ಯಾರೂ ಕೇಳುವುದಿಲ್ಲ. ಈ ತಿಂಗಳ ಪಾಠ ಅವರ ಬಗ್ಗೆ.

ಇವರು ಯಾರು?

ಪೊಲೀಸರು, 2008ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸಿನ ಸಿಬ್ಬಂದಿ, ಅಗ್ನಿಶಾಮಕ ದಳದವರು, ಶವಾಗಾರದ ಕೆಲಸಗಾರರು. ಆದರೆ ಹಳ್ಳಿಯಲ್ಲಿ ಇವರೆಲ್ಲ ಬರುವ ಮೊದಲೇ ಅಲ್ಲಿರುವವರು ಪಕ್ಕದ ಮನೆಯವರು, ಪಕ್ಕದ ಹೊಲದವರು, ಆಶಾ ಕಾರ್ಯಕರ್ತೆ, ಪಂಚನಾಮೆಗೆ ಸಹಿ ಹಾಕುವ ಊರವರು, ನೀರಿಗಿಳಿಯುವ ಈಜು ಬಲ್ಲ ಹುಡುಗರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡಾಗ ಮೊದಲು ನೆರವಿಗೆ ಓಡಿದವರೂ ಸುತ್ತಲಿನ ಜನರೇ. ಅದು ಅಪಘಾತ. ಆದರೆ ಎತ್ತಿದ ಕೈಗಳು ಹೊರುವ ಭಾರ ಒಂದೇ ಬಗೆಯದು.

2015ರ ಜೂನ್, ಜುಲೈ ತಿಂಗಳುಗಳನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. ಕಬ್ಬಿನ ಬೆಲೆ ಬಿದ್ದು, ಕಾರ್ಖಾನೆಗಳಿಂದ ಬಾಕಿ ಬಾರದೆ ರೈತರು ಕಂಗೆಟ್ಟಿದ್ದ ಕಾಲ. ಆ ವರ್ಷ ರಾಜ್ಯದಲ್ಲಿ ರೈತರು ಮತ್ತು ಕೃಷಿ ಕೂಲಿಗಳು ಸೇರಿ 1,569 ಜನ ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಒಂದು ಆತ್ಮಹತ್ಯೆ ಸುಮಾರು 135 ಪರಿಚಿತರನ್ನು ತಟ್ಟುತ್ತದೆ ಎಂದು ಅಮೆರಿಕದಲ್ಲಿ ಜೂಲಿ ಸೆರೆಲ್ ಮತ್ತು ಸಂಗಡಿಗರು ಅಂದಾಜು ಮಾಡಿದ್ದಾರೆ. ಎಲ್ಲರಿಗೂ ಕಾಯಿಲೆ ಬರುತ್ತದೆ ಅಂತಲ್ಲ. ಆದರೆ ಲೆಕ್ಕಕ್ಕೆ ಸಿಗದವರು ಎಷ್ಟು ಜನ ಎಂದು ನಾವು ಯೋಚಿಸಬೇಕು.

ಮನಸ್ಸಿಗೆ ಏನಾಗುತ್ತದೆ?

1. ನೋಡಿದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ನಿದ್ದೆ ಹತ್ತುವುದಿಲ್ಲ, ಕೆಟ್ಟ ಕನಸು.
2. ಆ ದಾರಿ, ಆ ಹೊಲದ ಕಡೆ ಹೋಗಲು ಕಾಲು ಬರುವುದಿಲ್ಲ.
3. ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕುವುದು, ಕುಡಿತ ಹೆಚ್ಚುವುದು.
4. 'ಐದು ನಿಮಿಷ ಮುಂಚೆ ಹೋಗಿದ್ರೆ ಉಳೀತಿದ್ರೇನೋ' ಎಂಬ ಕೊರಗು.
5. ಕೆಲವರಿಗೆ ತಾವೂ ಬದುಕಿ ಏನು ಪ್ರಯೋಜನ ಎಂಬ ಯೋಚನೆ.

ಮನೆಯವರು ಇದನ್ನು 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸುತ್ತಾರೆ. ಗೆಳೆಯರು 'ಗಂಡಸಲ್ವಾ, ಧೈರ್ಯವಾಗಿರೋ' ಅಂತಾರೆ. ಎರಡರಿಂದಲೂ ಅವನ ಬಾಯಿ ಕಟ್ಟುತ್ತದೆ. ಇದು ಹೇಡಿತನವಲ್ಲ, ಗಾಳಿಯೂ ಅಲ್ಲ. ಭಯಂಕರವಾದುದನ್ನು ಕಂಡ ಮನಸ್ಸು ಹೀಗೆ ನಡೆದುಕೊಳ್ಳುವುದು ಸಹಜ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಮೀರಿದರೆ, ಕೆಲಸ ಊಟ ಕೆಟ್ಟರೆ ಚಿಕಿತ್ಸೆ ಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಕೆಲಸದ ಕಾರಣಕ್ಕೆ ಪದೇ ಪದೇ ಇಂಥದ್ದನ್ನು ನೋಡುವವರಿಗೂ ಆಘಾತದ ಕಾಯಿಲೆ ಬರಬಹುದೆಂದು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. 'ಅವರಿಗೆ ಅಭ್ಯಾಸ ಆಗೋಗಿದೆ ಬಿಡಿ' ಎಂಬ ನಮ್ಮ ಮಾತು ತಪ್ಪು.

ನಾವು ಏನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆ 2011ರ ಮಾರ್ಗದರ್ಶಿಯಲ್ಲಿ ಮೂರು ಕೆಲಸ ಹೇಳಿದೆ: ನೋಡು, ಕೇಳು, ಜೋಡಿಸು. ಯಾರು ಕಂಗಾಲಾಗಿದ್ದಾರೆ ಎಂದು ನೋಡುವುದು. ಪಕ್ಕದಲ್ಲಿ ಕುಳಿತು, ಹೇಳಿದಷ್ಟು ಕೇಳುವುದು. ಬೇಕಾದ ಸಹಾಯಕ್ಕೆ ಜೋಡಿಸುವುದು.

'ಏನು ನೋಡಿದೆ, ಪೂರ್ತಿ ಹೇಳು' ಎಂದು ಬಲವಂತ ಮಾಡಬೇಡಿ. ಹಿಂದೆ ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಹೇಳಿಸುವ ಪದ್ಧತಿಯಿತ್ತು. ಅದರಿಂದ ಆಘಾತದ ಕಾಯಿಲೆ ತಡೆಯಲಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅದರ ಬದಲು ಬಿಸಿ ಊಟ, ಸ್ನಾನ, ಎರಡು ದಿನ ಕೆಲಸಕ್ಕೆ ಬಿಡುವು, ಜೊತೆಗೆ ಮಲಗಲು ಒಬ್ಬರು ಇದ್ದರೆ ದೊಡ್ಡ ಉಪಕಾರ. ಹೆಂಡದಂಗಡಿಗೆ ಕರೆದೊಯ್ಯುವ ಸ್ನೇಹ ಬೇಡ. 'ನೀನು ಮಾಡಿದ್ದು ದೊಡ್ಡ ಕೆಲಸ' ಎಂದು ಹೇಳಿ. ವಾರ ಬಿಟ್ಟು ಮತ್ತೆ ಹೋಗಿ ಮಾತಾಡಿಸಿ.

ಮೊಬೈಲಿನಲ್ಲಿ ಫೋಟೋ, ವಿಡಿಯೋ ಹಂಚಬೇಡಿ. ಹತ್ತು ಜನ ಕಂಡದ್ದನ್ನು ಸಾವಿರ ಜನರಿಗೆ, ಮಕ್ಕಳಿಗೂ ತೋರಿಸಿ ಆ ಭಾರ ಹೊರಿಸಿದಂತಾಗುತ್ತದೆ.

ಸಹಾಯ ಎಲ್ಲಿದೆ?

ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಹಗಲು ರಾತ್ರಿ, ಉಚಿತವಾಗಿ ಮಾತಾಡುತ್ತಾರೆ. ಇದು 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಯನ್ನೂ 'ನೀನು ಹೇಗಿದ್ದೀಯಮ್ಮ' ಎಂದು ಕೇಳಿ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮೂರಲ್ಲಿ ಕಷ್ಟದ ಹೊತ್ತಿಗೆ ಮೊದಲು ಓಡುವವರು ಯಾರು?
2. ಅವರನ್ನು ನಾವು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?
3. ಈ ವಾರ ಅವರ ಮನೆಗೆ ಹೋಗಿ ಬರುವವರು ಯಾರು? ಹೆಸರು ಪುಸ್ತಕದಲ್ಲಿ ಬರೆಯಿರಿ.