ಅಪ್ಪನ ಭುಜದ ಗಂಟು, ಬಿಟ್ಟ ಮಾತ್ರೆ

ಪ್ರಶ್ನೆ: ನಮ್ಮ ಅಪ್ಪನಿಗೆ 64 ವರ್ಷ. ಏಳು ವರ್ಷದಿಂದ ವಾರಕ್ಕೆ ಎರಡು ಸಲ ಮಡಿಕೇರಿಯಲ್ಲಿ ಡಯಾಲಿಸಿಸ್. ಈಚೆಗೆ ಭುಜದ ಹತ್ತಿರ ಕಲ್ಲಿನಂಥ ಗಂಟು ಬಂದಿದೆ. ಎಕ್ಸ್‌ರೇ ನೋಡಿದ ಡಾಕ್ಟರು 'ಕ್ಯಾಲ್ಸಿಯಂ ಕೂತಿದೆ' ಅಂದರು. ಅಪ್ಪ ಅವತ್ತೇ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದರು. ಪಂದಿಕರಿ, ಒಣಮೀನು ಮಾತ್ರ ಬಿಡುತ್ತಿಲ್ಲ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ಕ್ಯಾಲ್ಸಿಯಂ ಕೂತಿದೆ ಅಂದಮೇಲೆ ಕ್ಯಾಲ್ಸಿಯಂ ಮಾತ್ರೆ ಯಾಕೆ ಎಂದು ಅಪ್ಪನಿಗೆ ಅನ್ನಿಸಿದ್ದು ಸಹಜ. ಆದರೆ ಇಲ್ಲಿ ಹೆಚ್ಚಿನ ತಂಟೆ ಫಾಸ್ಫರಸ್ಸಿನದು. ಸೋತ ಮೂತ್ರಪಿಂಡ ಅದನ್ನು ಹೊರಹಾಕದು. ರಕ್ತದಲ್ಲಿ ಉಳಿದ ಫಾಸ್ಫರಸ್ ಕ್ಯಾಲ್ಸಿಯಂ ಜೊತೆ ಸೇರಿ ಕೀಲಿನ ಸುತ್ತ, ರಕ್ತನಾಳದಲ್ಲಿ, ಹೃದಯದ ಕವಾಟದಲ್ಲಿ ಗಟ್ಟಿಯಾಗುತ್ತದೆ. ನಾಲ್ಕು ಗಂಟೆಯ ಡಯಾಲಿಸಿಸ್ ತೆಗೆಯುವುದು ಸುಮಾರು 800 ಮಿಲಿಗ್ರಾಂ. ನಾವು ದಿನವೂ ತಿನ್ನುವ ಊಟದಲ್ಲೇ ಹತ್ತಿರ ಹತ್ತಿರ 1000 ಇರುತ್ತದೆ.

ಊಟದ ಜೊತೆ ಕೊಡುವ ಕ್ಯಾಲ್ಸಿಯಂ ಮಾತ್ರೆ ಈ ಫಾಸ್ಫರಸ್ಸನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ. ಖಾಲಿ ಹೊಟ್ಟೆಗೆ ನುಂಗಿದರೆ ಆ ಕೆಲಸ ಆಗುವುದಿಲ್ಲ, ಕ್ಯಾಲ್ಸಿಯಂ ಮಾತ್ರ ರಕ್ತಕ್ಕೆ ಸೇರುತ್ತದೆ. ಅಪ್ಪ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದರು, ವಿಚಾರಿಸಿ. ಹಾಗೆಂದು ನೀವೇ ಮತ್ತೆ ಶುರು ಮಾಡಬೇಡಿ. ಮುಂದಿನ ಡಯಾಲಿಸಿಸ್ಸಿಗೂ ಮೊದಲೇ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಿದ್ದನ್ನು ತಿಳಿಸಿ. ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಪರೀಕ್ಷೆ ನೋಡಿ ಅವರು ಸೆವೆಲಮರ್‌ನಂಥ ಕ್ಯಾಲ್ಸಿಯಂ ಇಲ್ಲದ ಮಾತ್ರೆಗೆ ಬದಲಿಸಬಹುದು. ವಿಟಮಿನ್ ಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಪಂದಿಕರಿಯನ್ನು ಪೂರ್ತಿ ಬಿಡಿಸಲು ಹೋಗಬೇಡಿ. ಡಯಾಲಿಸಿಸ್ಸಿನವರಿಗೆ ಪ್ರೋಟೀನ್ ಬೇಕು. ಕೈಲ್ ಮುಹೂರ್ತದ ದಿನ ಕಡಂಬುಟ್ಟಿನ ಜೊತೆ ನಾಲ್ಕು ತುಂಡು ತಿನ್ನಲಿ, ಡಾಕ್ಟರು ಹೇಳಿದ ಮಾತ್ರೆ ಆ ಊಟದ ಜೊತೆಗೇ ಇರಲಿ. ಒಣಮೀನು ಬೇಡ, ಫಾಸ್ಫರಸ್ಸೂ ಉಪ್ಪೂ ಎರಡೂ ಜಾಸ್ತಿ. ಕೋಲಾ, ಪ್ಯಾಕೆಟ್ ಸಾಸೇಜ್ ಇನ್ನೂ ಕೆಟ್ಟವು: ಅವಕ್ಕೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ.

ಗಂಟಿಗೆ ಎಣ್ಣೆ ತಿಕ್ಕುವುದು, ಚುಚ್ಚಿಸುವುದು ಬೇಡ. ತೊಡೆ, ಹೊಟ್ಟೆಯ ಮೇಲೆ ವಿಪರೀತ ನೋಯುವ ನೇರಳೆ ಕಲೆಯೋ ಕಪ್ಪು ಹುಣ್ಣೋ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಕ್ಯಾಲ್ಸಿಫಿಲ್ಯಾಕ್ಸಿಸ್ ಎಂಬ ಕಾಯಿಲೆ ಇರಬಹುದು; ಅಪರೂಪ, ಆದರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್ ಮಾತ್ರೆ ಅದರ ಸಾಧ್ಯತೆ ಹೆಚ್ಚಿಸುತ್ತದೆ. ಅಪ್ಪ ಅದನ್ನು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ನೆನಪಿಸಿ.

ಫಾಸ್ಫರಸ್ ಹತೋಟಿಗೆ ಬಂದರೆ ಇಂಥ ಗಂಟು ಕೆಲವರಲ್ಲಿ ಕರಗುತ್ತಾ ಬರುತ್ತದೆ. ವಾರಕ್ಕೆ ಮೂರನೆಯ ಸಲ ಡಯಾಲಿಸಿಸ್ ಬೇಕೇ ಎಂದೂ ಕೇಳಿ. ಬಿಪಿಎಲ್ ಕಾರ್ಡಿದ್ದರೆ 2016ರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಯ ಡಯಾಲಿಸಿಸ್ ಉಚಿತ. ಖರ್ಚಿಗೆ ಅಂಜಿ ಆ ಪ್ರಶ್ನೆಯನ್ನು ಕೇಳದೆ ಬರಬೇಡಿ.