ಶಕ್ತಿನಗರಕ್ಕೆ ರಾಯಚೂರಿನ ಬಚ್ಚಲ ನೀರು ಸಾಕಾದೀತೇ?

ರಜೆಯಲ್ಲಿ ಕಲ್ಲೂರಿನ ಗೆಳೆಯನ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಅವರಪ್ಪ ಕೇಳಿದರು: "ರಾಯಚೂರಿನ ಬಚ್ಚಲ ನೀರೆಲ್ಲ ಸುಮ್ನ ಹರದು ಹೋಗ್ತೈತಿ. ಅದನ್ನ ಶಕ್ತಿನಗರಕ್ಕ ಕೊಟ್ರ ಆಗಂಗಿಲ್ಲೇನಪ್ಪಾ?" ಎಂಜಿನಿಯರಿಂಗ್ ಓದೋರು ಅಂತ ಹೇಳಿಕೊಂಡ ಮೇಲೆ ಸುಮ್ಮನಿರೋಕಾಗುತ್ತಾ? ಮೊಬೈಲ್ ತೆಗೆದು ಲೆಕ್ಕ ಹಾಕಿದೆವು.

ಶಕ್ತಿನಗರದ ಆರ್‌ಟಿಪಿಎಸ್ ಸಾಮರ್ಥ್ಯ 1720 ಮೆಗಾವ್ಯಾಟ್. ಹಳೆಯ ಸ್ಥಾವರಗಳು ಒಂದು ಮೆಗಾವ್ಯಾಟ್-ಗಂಟೆಗೆ 3.5 ಘನ ಮೀಟರ್‌ಗಿಂತ ಹೆಚ್ಚು ನೀರು ಬಳಸಬಾರದು ಎಂದು ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಮಿತಿ ಹಾಕಿತು. ಆ ಮಿತಿಯಲ್ಲೇ ಎಲ್ಲ ಘಟಕಗಳೂ ಇಡೀ ದಿನ ಓಡಿದವು ಅನ್ನಿ: 1720 × 24 × 3.5, ಅಂದರೆ ದಿನಕ್ಕೆ ಸುಮಾರು 14.4 ಕೋಟಿ ಲೀಟರ್.

ಈಗ ನಗರದ ಕಡೆ ಬರೋಣ. 2011ರ ಗಣತಿಯಂತೆ ರಾಯಚೂರಿನ ಜನಸಂಖ್ಯೆ ಸುಮಾರು 2.3 ಲಕ್ಷ. ತಲೆಗೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದು, ಅದರ ಶೇ. 80 ಕೊಳಚೆಯಾಗುತ್ತದೆ ಎಂದುಕೊಂಡರೆ ದಿನಕ್ಕೆ 2.5 ಕೋಟಿ ಲೀಟರ್. ಸ್ಥಾವರದ ಬೇಡಿಕೆಯ ಆರನೇ ಒಂದು ಪಾಲು, ಅಷ್ಟೇ! ಆದರೆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗಲೂ ಈ ನೀರು ನಿಲ್ಲುವುದಿಲ್ಲ. ಅದೇ ಇದರ ಬೆಲೆ.

ಸ್ಥಾವರದ ಒಳಗೂ ಉಳಿತಾಯವಿದೆ. ಕೂಲಿಂಗ್ ಟವರಿನಲ್ಲಿ ನೀರು ಆವಿಯಾದಂತೆ ಉಳಿದ ನೀರಲ್ಲಿ ಲವಣ ಗಟ್ಟಿಯಾಗುತ್ತದೆ. ಆಗ ಸ್ವಲ್ಪ ಹೊರಬಿಡಬೇಕು, ಇದೇ ಬ್ಲೋಡೌನ್. ಲವಣವನ್ನು ಮೂರು ಪಟ್ಟಿನವರೆಗೆ ಬಿಟ್ಟರೆ, 100 ಲೀಟರ್ ಆವಿಗೆ 50 ಲೀಟರ್ ಬ್ಲೋಡೌನ್, ಒಟ್ಟು 150 ಹೊಸ ನೀರು. ಐದು ಪಟ್ಟಿಗೆ ಏರಿಸಿದರೆ ಬ್ಲೋಡೌನ್ 25, ಹೊಸ ನೀರು 125.

ಕೊಳಚೆಯನ್ನು ಹಂಗೇ ಹಾಕೋಕಾಗಲ್ಲ. ಫಾಸ್ಫೇಟು ಕ್ಯಾಲ್ಸಿಯಂ ಜತೆ ಸೇರಿ ಕಂಡೆನ್ಸರ್ ಕೊಳವೆಗಳಲ್ಲಿ ಗಾರೆ ಕಟ್ಟಿದಂತೆ ಕೂರುತ್ತದೆ. ಅಮೋನಿಯಾ ತಾಮ್ರದ ಮಿಶ್ರಲೋಹವನ್ನು ತಿನ್ನುತ್ತದೆ. ಮೇಲೆ ಪಾಚಿ ಬೇರೆ. ಹಾಗಾಗಿ ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು. ನಾಗಪುರದ ಕೊಳಚೆ ನೀರು ಹೀಗೆ ಶುದ್ಧಗೊಂಡು ಕೊರಾಡಿ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಿದೆ. 2016ರ ಕೇಂದ್ರದ ವಿದ್ಯುತ್ ದರ ನೀತಿಯೂ ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿ.ಮೀ. ಒಳಗಿನ ಉಷ್ಣ ಸ್ಥಾವರಗಳು ಆ ನೀರನ್ನು ಬಳಸಲೇಬೇಕು ಎನ್ನುತ್ತದೆ. ರಾಯಚೂರಿನಿಂದ ಶಕ್ತಿನಗರ ಸುಮಾರು 20 ಕಿ.ಮೀ.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುಬಳಕೆ ಅಂದ ಕೂಡಲೇ ನಮ್ಮವರು ಬೆಚ್ಚುವುದು ತಪ್ಪಲ್ಲ. ಅದಕ್ಕೇ ನಮ್ಮ ಪ್ರಕಾರ ಈ ನೀರು ಮೊದಲು ಹೋಗಬೇಕಾದ್ದು ಟವರಿಗೆ, ನಲ್ಲಿಗಲ್ಲ. ಪೈಪೂ ಪೂರ್ತಿ ಬೇರೆಯೇ ಇರಬೇಕು.

ಲೆಕ್ಕ ಒಪ್ಪಿಸಿದೆವು. "ಹಂಗಾದ್ರ ನಮ್ಮ ಕಾಲುವಿಗೆ ನೀರು ಜಾಸ್ತಿ ಬರತೈತೇನು?" ಅಂದರು. ಇಲ್ಲ. ಅವರ ಕಾಲುವೆ ತುಂಗಭದ್ರೆಯದು, ಉಳಿಯುವುದು ಕೃಷ್ಣೆ. ಅವರು ತಾಟು ಸರಿಸಿ, "ಮತ್ತ ಮಾನ್ವಿ ರೈಸ್ ಮಿಲ್‌ನಾಗ ಭತ್ತ ನೆನೆಸಿ ಬಿಡೋ ನೀರು?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಬಾಟಲಿ ಹಿಡಿದು ಸ್ಯಾಂಪಲ್ ತರಲು ಹೊರಟಿದ್ದೇವೆ.