ವೀರಗಲ್ಲು ಮತ್ತು ಸೆರೆಯಿಂದ ಮರಳಿದ ಯೋಧ

ಕನ್ನಡನಾಡಿನಲ್ಲಿ ವೀರಗಲ್ಲಿಲ್ಲದ ಊರು ದೊರೆಯುವುದು ದುರ್ಲಭ. ಕೆರೆಯ ಏರಿಯ ಮೇಲೆ, ಊರಬಾಗಿಲ ಮಗ್ಗುಲಲ್ಲಿ, ಗುಡಿಯ ಪ್ರಾಕಾರದಲ್ಲಿ ಅರ್ಧ ಹೂತು ನಿಂತ ಈ ಶಿಲೆಗಳು ಸಾವಿರ ವರ್ಷಗಳಿಂದಲೂ ನಮ್ಮ ಜನರ ಕೃತಜ್ಞತೆಯ ಭಾಷೆಯಾಗಿ ಉಳಿದುಬಂದಿವೆ. ಬೆಂಗಳೂರಿಗಂತೂ ಇವುಗಳ ಋಣ ಮತ್ತಷ್ಟು ಹಿರಿದು. ಬಸವನಗುಡಿಯಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲೊಂದರಲ್ಲಿ ‘ಬೆಂಗುಳೂರ ಕಾಳೆಗ’ ಎಂಬ ಮಾತು ಕಂಡುಬರುತ್ತದೆ. ಬೆಂದ ಕಾಳಿನ ಕಥೆಯನ್ನು ಮಕ್ಕಳಿಗೆ ಹೇಳಿ ರಂಜಿಸುವ ಉಪಾಧ್ಯಾಯರು ಈ ಕಲ್ಲಿನ ಮಾತನ್ನೂ ಅವರ ಕಿವಿಗೆ ಹಾಕುವುದು ಲೇಸು. ಈ ನಗರದ ಹೆಸರು ನಮಗೆ ಮೊದಲು ಕೇಳಿಬರುವುದು ಕಾಳೆಗದಲ್ಲಿ ಮಡಿದವರ ನೆನಪಿನ ಜೊತೆಯಲ್ಲಿ.

ವೀರಗಲ್ಲಿನ ರಚನೆ ಎಲ್ಲರಿಗೂ ಪರಿಚಿತವಾದುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳೆಗ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ನೋಟ. ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕೈಮುಗಿದು ಕುಳಿತ ಚಿತ್ರ. ಈ ಮೂರು ಪಟ್ಟಿಕೆಗಳಲ್ಲಿ ಒಂದು ಬದುಕು ಪೂರ್ಣವಾಗುತ್ತದೆ. ಆದರೆ ಕಾದಿ, ಸೋತು, ಶತ್ರುವಿನ ಕೈಗೆ ಸಿಕ್ಕಿ, ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಕಡೆಗೆ ಬಡವಾದ ಮೈಯೊಡನೆ ಮನೆಗೆ ಮರಳಿದ ಯೋಧನನ್ನು ಶಿಲ್ಪಿ ಯಾವ ಪಟ್ಟಿಕೆಯಲ್ಲಿ ಕಂಡರಿಸಬೇಕಾಗಿತ್ತು? ಅವನು ಸುರಲೋಕಕ್ಕೆ ಹೋಗಲಿಲ್ಲ. ತನ್ನ ಊರಿಗೆ ಬಂದ. ಅವನಿಗೆ ಕಲ್ಲಿಲ್ಲ. ಮಡಿದವನನ್ನು ಹಾಡಿದ ನಾಡು ಮರಳಿದವನನ್ನು ಹೇಗೆ ಬರಮಾಡಿಕೊಂಡಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬದುಕಿ ಬಂದ ವೀರನಿಗೆ ಮನ್ನಣೆಯೇ ಇರಲಿಲ್ಲವೆಂದು ಭಾವಿಸುವುದು ತಪ್ಪಾದೀತು. ಶಾಸನಗಳಲ್ಲಿ ‘ಬಾಳ್ಗಳ್ಚು’ ಎಂಬ ಪದವಿದೆ. ಬಾಳ್ ಎಂದರೆ ಖಡ್ಗ, ಕಳ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ ಎಂಬುದು ಇದರ ಅಭಿಪ್ರಾಯ. ಮಡಿದವನ ಮನೆಯವರಿಗೆ ಸಲ್ಲುತ್ತಿದ್ದುದು ‘ನೆತ್ತರುಗೊಡಗೆ’. ಒಂದರಲ್ಲಿ ನೆತ್ತರಿನ ಬೆಲೆ, ಇನ್ನೊಂದರಲ್ಲಿ ನೆತ್ತರನ್ನು ತೊಳೆಯುವ ನೀರು. ಪದಗಳನ್ನು ಟಂಕಿಸಿದವರ ಸೂಕ್ಷ್ಮತೆಗೆ ತಲೆದೂಗಬೇಕು! ಬೆಂಗಳೂರಿನ ಕಸ್ತೂರಿಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆತಕೂರಿನ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದು ಜೀವಸಹಿತ ಮರಳಿದ ಮಣಲೆರನಿಗೆ ಗಂಗರ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ ಕೊಟ್ಟನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ಇಂದು ಜನ ಆ ಕಲ್ಲನ್ನು ನೆನೆಯುವುದು ನಾಯಿಯ ಸಲುವಾಗಿ. ಒಡೆಯನ ಹೆಸರನ್ನು ಬಲ್ಲವರು ವಿರಳ. ಬದುಕಿ ಬಂದವರ ಪಾಡು ಎಷ್ಟೋ ವೇಳೆ ಹೀಗೆಯೇ.

ಮಣಲೆರನಾದರೂ ಗೆದ್ದು ಬಂದವನು. ಸೆರೆಸಿಕ್ಕವನ ಪ್ರಶ್ನೆ ಇನ್ನೂ ಜಟಿಲವಾದುದು. ‘ಸೆರೆ’ ಅಚ್ಚ ದ್ರಾವಿಡ ಪದ. ತಮಿಳಿನ ‘ಸಿರೈ’ ಇದರ ಸೋದರಿ. ‘ಕೈದಿ’ ಎಂಬುದು ಅರಬ್ಬಿ ಮೂಲದಿಂದ ಬಂದುದು. ಎರಡೂ ಪದಗಳಿಗೆ ಕಾಲಕ್ರಮದಲ್ಲಿ ಅಪರಾಧದ ನೆರಳು ಅಂಟಿಕೊಂಡಿತು. ಯುದ್ಧಕೈದಿಯು ಯಾವ ಅಪರಾಧವನ್ನೂ ಮಾಡಿದವನಲ್ಲ. ಆದರೂ ಪದದ ನೆರಳು ಅವನ ಮೇಲೂ ಬೀಳುತ್ತದೆ. ನಮ್ಮ ಇತಿಹಾಸಕಾವ್ಯಗಳು ಈ ಸಂಕಟವನ್ನು ಚೆನ್ನಾಗಿ ಬಲ್ಲವು. ಲಂಕೆಯ ಸೆರೆಯಿಂದ ಬಿಡುಗಡೆ ಹೊಂದಿದ ಸೀತೆಗೆ ಮೊದಲು ಎದುರಾದದ್ದು ಸಂದೇಹ, ಅನಂತರ ಅಗ್ನಿ. ಭಾರತದ ಅರಣ್ಯಪರ್ವದಲ್ಲಿ ಘೋಷಯಾತ್ರೆಗೆ ಬಂದ ದುರ್ಯೋಧನನನ್ನು ಗಂಧರ್ವ ಚಿತ್ರಸೇನನು ಸೆರೆಹಿಡಿದಾಗ, ಹೊರಗಿನವರ ಮುಂದೆ ನಾವೆಲ್ಲರೂ ಒಂದೇ ಎಂದು ಧರ್ಮರಾಯನು ತಮ್ಮಂದಿರನ್ನು ಕಳುಹಿಸಿ ಬಿಡಿಸುತ್ತಾನೆ. ಬಿಡುಗಡೆಯಾದ ದುರ್ಯೋಧನ ಸಂತೋಷಪಡುವುದಿಲ್ಲ. ಹಸ್ತಿನಾವತಿಗೆ ಯಾವ ಮುಖ ಹೊತ್ತು ಹೋಗಲೆಂದು ದಾರಿಯಲ್ಲಿಯೇ ಪ್ರಾಯೋಪವೇಶಕ್ಕೆ ಕುಳಿತುಬಿಡುತ್ತಾನೆ. ಖಳನೆಂದು ಅವನನ್ನು ಹಳಿಯುವ ಆತುರದಲ್ಲಿ ಈ ಪ್ರಸಂಗವನ್ನು ಹಾರಿಸಿ ಪಾಠ ಹೇಳುವುದುಂಟು. ಹಾಗೆ ಮಾಡಬಾರದು. ಸೆರೆಯ ಬಾಗಿಲು ತೆರೆದರೂ ಸೆರೆ ಮುಗಿಯುವುದಿಲ್ಲವೆಂಬ ತಥ್ಯವನ್ನು ವ್ಯಾಸರು ಅಲ್ಲಿ ಕಂಡಿದ್ದಾರೆ.

ಪುರಾಣದಿಂದ ಚರಿತ್ರೆಗೆ ಬಂದರೆ, ಕನ್ನಡನೆಲದಲ್ಲಿ ಸೆರೆಯಾಳುಗಳ ಬಿಡುಗಡೆಯ ಅತ್ಯಂತ ಉದಾತ್ತ ಪ್ರಸಂಗ ಕಿತ್ತೂರಿನದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದನು. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆಯಾದರು. ರಾಣಿ ಚೆನ್ನಮ್ಮಾಜಿ ಅವರನ್ನು ಗೌರವದಿಂದ ನಡೆಸಿಕೊಂಡು, ಡಿಸೆಂಬರಿನ ಮೊದಲ ದಿನಗಳಲ್ಲಿ ಬಿಟ್ಟುಕೊಟ್ಟಳು. ಆ ಔದಾರ್ಯಕ್ಕೆ ದೊರೆತ ಪ್ರತಿಫಲವನ್ನು ಹೇಳಲು ಲೇಖನಿ ಹಿಂಜರಿಯುತ್ತದೆ. ಕೆಲವೇ ದಿನಗಳಲ್ಲಿ ಕಿತ್ತೂರು ಬಿತ್ತು. ಸೆರೆಯಾಳುಗಳನ್ನು ಬಿಡಿಸಿದ ರಾಣಿ ತಾನೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲಿಯೇ ದೇಹವಿಟ್ಟಳು. ಅವಳಿಗೆ ಮರಳುವ ದಾರಿ ತೆರೆಯಲಿಲ್ಲ.

ಬಿಡುಗಡೆಯಾದ ಆ ಎಲಿಯಟ್ ಯಾರೆಂಬುದನ್ನು ಕನ್ನಡಿಗರು ಮರೆತಿರುವುದು ಆಶ್ಚರ್ಯ. ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಖ್ಯಾತನಾದ ಅವನೇ ಕನ್ನಡ ನಾಡಿನ ಊರೂರುಗಳ ಶಾಸನಗಳನ್ನು ಪ್ರತಿಮಾಡಿಸಿ, 595 ಶಾಸನಗಳ ಪಾಠಗಳನ್ನು ಸಂಪುಟಗಳಲ್ಲಿ ಸಂಗ್ರಹಿಸಿದವನು. ಚಾಲುಕ್ಯರ ಚರಿತ್ರೆಯನ್ನು ಬರೆದ ಫ್ಲೀಟ್ ಮೊದಲಾದವರು ಆ ಸಂಗ್ರಹವನ್ನು ಬಳಸಿಕೊಂಡರು. ಕಿತ್ತೂರಿನ ಸೆರೆಯಲ್ಲಿ ಆ ಇಪ್ಪತ್ತೊಂದರ ತರುಣನಿಗೆ ಬೇರೆ ಗತಿ ಒದಗಿದ್ದರೆ ನಮ್ಮ ಶಾಸನಾಧ್ಯಯನ ಎಷ್ಟು ತಡವಾಗಿ ಮೊದಲಾಗುತ್ತಿತ್ತೋ! ಚೆನ್ನಮ್ಮಾಜಿಯ ಶೌರ್ಯವನ್ನು ವರ್ಷವರ್ಷವೂ ಕೊಂಡಾಡುವ ಸಭೆಗಳು ಅವಳ ಈ ಕ್ಷಮಾಗುಣವನ್ನೂ ಎತ್ತಿ ಹೇಳಬೇಕು. ಶೌರ್ಯಕ್ಕಿಂತ ಅದು ಕಡಿಮೆಯದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ, ರಾಣಿ ಸ್ವಧರ್ಮದಿಂದ ಮಾಡಿದ್ದು ರಾಷ್ಟ್ರಗಳ ಕಟ್ಟಳೆಯಾಯಿತು. 1949ರ ಜಿನೀವಾ ಒಡಂಬಡಿಕೆಯಂತೆ ಕಾಳೆಗ ನಿಂತೊಡನೆ ಯುದ್ಧಕೈದಿಗಳನ್ನು ವಿಳಂಬವಿಲ್ಲದೆ ಸ್ವದೇಶಕ್ಕೆ ಕಳುಹಿಸತಕ್ಕದ್ದು. ಆದರೆ ಕಟ್ಟಳೆಯ ಅಕ್ಷರಕ್ಕೆ ಜೀವ ಬರುವುದು ವ್ಯಕ್ತಿಗಳ ನಡತೆಯಿಂದ. ಇದಕ್ಕೆ ಕೊಡಗಿನ ಒಂದು ಮನೆತನವೇ ಸಾಕ್ಷಿ. 1965ರ ಸೆಪ್ಟೆಂಬರ್ 22ರಂದು, ಕದನವಿರಾಮ ಜಾರಿಗೆ ಬರುವ ಹಿಂದಿನ ದಿನ, ಹಂಟರ್ ವಿಮಾನದಲ್ಲಿ ದಾಳಿಗೆ ತೆರಳಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರ ವಿಮಾನ ಶತ್ರುಗಳ ಗುಂಡಿಗೆ ಗುರಿಯಾಯಿತು. ಹೊರಕ್ಕೆ ಹಾರಿ ನೆಲಕ್ಕೆ ಬಿದ್ದ ಅವರು ಬೆನ್ನೆಲುಬಿಗೆ ಪೆಟ್ಟಾಗಿ ಪಾಕಿಸ್ತಾನದ ಸೆರೆಯಾದರು. ತಂದೆ, ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ. ಎಂ. ಕಾರ್ಯಪ್ಪನವರು, ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಅವಿಭಕ್ತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ಸೇವೆಮಾಡಿದವರು. ಹಳೆಯ ಬಾಂಧವ್ಯವನ್ನು ನೆನೆದು ಮಗನನ್ನು ಬಿಡಿಸಿಕೊಡಲು ಅವರು ಮುಂದಾದರೆಂದೂ, ಸೆರೆಯಲ್ಲಿರುವ ಯೋಧರೆಲ್ಲರೂ ತನಗೆ ಮಕ್ಕಳೇ, ತನ್ನ ಮಗನಿಗೆ ವಿಶೇಷ ಬೇಡವೆಂದು ಕಾರ್ಯಪ್ಪನವರು ಉತ್ತರಿಸಿದರೆಂದೂ ಪ್ರಸಿದ್ಧವಾಗಿದೆ. 1966ರ ಜನವರಿ 10ರ ತಾಷ್ಕೆಂಟ್ ಘೋಷಣೆಯಲ್ಲಿ ಕೈದಿಗಳ ಮರಳಿಕೆಗೆ ಒಪ್ಪಿಗೆಯಾಯಿತು. ಅದೇ ತಿಂಗಳು ಕಿರಿಯ ಕಾರ್ಯಪ್ಪನವರು ತಾಯ್ನಾಡಿಗೆ ಬಂದರು. ಬಂದವರು ಮತ್ತೆ ಸೇವೆಗೆ ಸೇರಿ ಏರ್ ಮಾರ್ಷಲ್ ಪದವಿಯವರೆಗೆ ಏರಿದರು. ಸೆರೆ ಅವರಿಗೆ ಕಳಂಕವಾಗಲಿಲ್ಲ. ಅವರನ್ನು ಬರಮಾಡಿಕೊಂಡ ಸೇನೆಯ ಹಿರಿಮೆಯೂ ಇದರಲ್ಲಿದೆ.

ಹಿರಿಯ ಕಾರ್ಯಪ್ಪನವರ ದೃಷ್ಟಿ ತಮ್ಮ ಮನೆಗೆ ಸೀಮಿತವಾಗಿರಲಿಲ್ಲ. ನಿವೃತ್ತ ಯೋಧರ ಹಿತಕ್ಕಾಗಿ 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘ ಸ್ಥಾಪನೆಯಾದುದು ಅವರ ಪ್ರಯತ್ನದಿಂದಲೇ. ಅವರು 1953ರಲ್ಲಿ ನಿವೃತ್ತರಾದ ಜನವರಿ 14 ಈಗ ನಿವೃತ್ತ ಯೋಧರ ದಿನವಾಗಿ ಆಚರಿಸಲ್ಪಡುತ್ತಿದೆ. ಸಂಕ್ರಾಂತಿಯ ಎಳ್ಳುಬೆಲ್ಲದ ಸಂಭ್ರಮದ ಹೊತ್ತಿಗೇ ಬರುವ ಈ ದಿನ ನಮ್ಮ ಶಾಲೆಗಳ ಗಮನಕ್ಕೆ ಬರುವುದು ಕಡಿಮೆ. ಡಿಸೆಂಬರ್ 7ರ ಧ್ವಜದಿನದಂದು ಅಂಗಿಗೆ ಚೀಟಿ ಅಂಟಿಸಿಕೊಂಡರೆ ಕರ್ತವ್ಯ ತೀರಿತೆಂದು ತಿಳಿಯುವವರೇ ಹೆಚ್ಚು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಗೋಡೆಯ ಮೇಲೆ ಸಮವಸ್ತ್ರದ ಭಾವಚಿತ್ರವೊಂದು ತೂಗುತ್ತಿದ್ದರೆ, ಅದರ ಕೆಳಗೆ ಕುಳಿತ ವೃದ್ಧರನ್ನು ಎಲ್ಲಿ ಕಾದಿದಿರಿ ಎಂದು ಕೇಳುವ ಹುಡುಗನೊಬ್ಬನಿದ್ದರೆ ಸಾಕು. ಅವರು ಹೇಳಿದ್ದನ್ನು ಅವನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಅದು ಬಾಳ್ಗಳ್ಚಿಗೆ ಸಮಾನ.

1971ರ ಯುದ್ಧದ ತರುವಾಯ ಸುಮಾರು 93,000 ಪಾಕಿಸ್ತಾನೀ ಸೆರೆಯಾಳುಗಳು ಭಾರತದಲ್ಲಿದ್ದರು. ಅವರನ್ನು ಕಳುಹಿಸುವ ಕಾರ್ಯ 1974ರ ಏಪ್ರಿಲ್‌ನಲ್ಲಿ ಮುಗಿಯಿತು. ಅತ್ತಲಿಂದ ನಮ್ಮ ಯೋಧರು 1972ರ ಡಿಸೆಂಬರ್ 1ರಂದು ವಾಘಾ ಗಡಿಯನ್ನು ದಾಟಿ ಬಂದರು. ಹೂಮಾಲೆಗಳು, ವಾದ್ಯಗಳು, ಕಣ್ಣೀರು. ಆದರೆ ಎಲ್ಲರೂ ಬರಲಿಲ್ಲ. ಪಾಕಿಸ್ತಾನದ ವಶದಲ್ಲಿರಬಹುದೆಂದು ನಂಬಲಾದ 54 ಮಂದಿಯ ಪಟ್ಟಿ ಭಾರತ ಸರ್ಕಾರದ ಬಳಿ ಉಳಿಯಿತು. ಅಂಥವರು ಯಾರೂ ತನ್ನಲ್ಲಿಲ್ಲವೆಂದು ಪಾಕಿಸ್ತಾನ ಹೇಳುತ್ತ ಬಂದಿದೆ. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದು, ನಡುವೆ ಹಿರಿದಾದ ವೀರಗಲ್ಲನ್ನು ನಿಲ್ಲಿಸಲಾಗಿದೆ. ಮಡಿದವನೆಂದು ನಿಶ್ಚಯವಾದವನಿಗೆ ಕಲ್ಲುಂಟು, ಮರಳಿದವನಿಗೆ ಮನೆಯುಂಟು. ಈ ಎರಡರ ನಡುವೆ ಉಳಿದವನ ಪತ್ನಿಗೆ ಕುಂಕುಮವಿಡುವುದೋ ಅಳಿಸುವುದೋ ಎಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. 2007ರಲ್ಲಿ, ಯುದ್ಧ ಮುಗಿದು ಮೂವತ್ತೈದು ವರ್ಷಗಳಾದ ಮೇಲೆ, ಈ ಯೋಧರ ಬಂಧುಗಳ ತಂಡವೊಂದು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಸೆರೆಮನೆಗಳಲ್ಲಿ ಹುಡುಕಿತು. ತಮ್ಮವರಲ್ಲಿ ಒಬ್ಬರನ್ನೂ ಕಾಣದೆ ಅವರು ಮರಳಿದರು.